ಮೊಬೈಲ್ ಪಂದ್ಯಾವಳಿ: ಪ್ರವೇಶ ಶುಲ್ಕ ಬೇಕೇ?


ರಾಜ್ಯೋತ್ಸವಕ್ಕೆ ಮೊಬೈಲ್ ಗೇಮ್ ಪಂದ್ಯಾವಳಿ ನಡೆಸಿ, ತಲೆಗೆ 100 ರೂಪಾಯಿ ಎತ್ತಿ, ಆ ಹಣವನ್ನೇ ಗೆದ್ದವರಿಗೆ ಕೊಡೋಣ ಎಂಬುದು ನಮ್ಮ ಯುವಕರ ಆಸೆ. ಆಟಕ್ಕೆ ನನ್ನ ತಕರಾರಿಲ್ಲ, ಹಣಕ್ಕಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೆ, ಹಣ ಕಟ್ಟಿ ಹಣ ಗೆಲ್ಲುವ ಆಟ ಕೌಶಲದ್ದಾದರೂ ನಿಷಿದ್ಧ. ಆಡಿದವರಿಗಲ್ಲ, ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಶುಲ್ಕ, ಬಹುಮಾನ ಎರಡಕ್ಕೂ ಅವಕಾಶವಿರುವುದು ಮಾನ್ಯತೆ ಪಡೆದ ಇ-ಕ್ರೀಡೆಗೆ. ನಮಗೆಲ್ಲಿದೆ ಮಾನ್ಯತೆ?

ಕರ್ನಾಟಕದಲ್ಲಿ ನಡೆಯುತ್ತದಲ್ಲ ಎನ್ನುತ್ತಾರೆ. ಅಲ್ಲಿನ 2021ರ ನಿಷೇಧವನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿದ್ದು ನಿಜ. ಆದರೆ ಇದು ಕೇಂದ್ರದ ಕಾಯ್ದೆ, ಕೆಕ್ಕನಹಳ್ಳ ಚೆಕ್‌ಪೋಸ್ಟಿನ ಆಚೆಗೂ ಈಚೆಗೂ ಒಂದೇ.

ನನ್ನ ಸಲಹೆ: ಶುಲ್ಕ ಬೇಡ, ಬಹುಮಾನ ಸಂಘದ ಖಾತೆಯಿಂದ ಪುಸ್ತಕ. ಆಡುವವರೇ ತೀರ್ಪುಗಾರರಾಗುವುದೂ ಬೇಡ. ಕಳೆದ ಸಲದ ಕೇರಂ ಜಗಳ ನೆನಪಿದೆಯಲ್ಲ! ಭಾನುವಾರದ ಸಭೆಗೆ ಬನ್ನಿ, ನಿಯಮಗಳನ್ನು ಮತಕ್ಕೆ ಹಾಕೋಣ.

ಕಾರ್ಯದರ್ಶಿ