ದಪ್ಪ ಅಕ್ಷರವೆಲ್ಲ ಸ್ಪಷ್ಟ ಅಕ್ಷರವಲ್ಲ

ಅಕ್ಷರ ದಪ್ಪವಾದಷ್ಟೂ ದೂರಕ್ಕೆ ಚೆನ್ನಾಗಿ ಕಾಣುತ್ತದೆಂಬುದು ಸಾಮಾನ್ಯ ನಂಬಿಕೆ. ಯಾವ ನಂಬಿಕೆಯನ್ನೂ ಒರೆಗೆ ಹಚ್ಚದೆ ಒಪ್ಪುವುದು ವಿಜ್ಞಾನದ ವಿದ್ಯಾರ್ಥಿಗೆ ಸಲ್ಲದು. ಇದನ್ನೂ ಒರೆಗೆ ಹಚ್ಚಿ ನೋಡೋಣ.

1965ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದ ಸ್ಟೀಫನ್‌ಸನ್ ಬ್ಲೇಕ್ ಎಂಬ ಅಚ್ಚುಮೊಳೆಯ ಕಾರ್ಖಾನೆ ‘ಇಂಪ್ಯಾಕ್ಟ್’ ಎಂಬ ಅಕ್ಷರಮಾದರಿಯನ್ನು ಹೊರತಂದಿತು. ಅದನ್ನು ರೂಪಿಸಿದವರು ಜೆಫ್ರಿ ಲೀ. ಗೆರೆಗಳು ಬಲು ದಪ್ಪ, ಅಗಲ ಕಿರಿದು, ತುದಿಗಳಲ್ಲಿ ಅಡ್ಡಚಾಚುಗಳಿಲ್ಲ. ಗೊತ್ತಾದ ಸ್ಥಳದಲ್ಲಿ ಆದಷ್ಟು ಹೆಚ್ಚು ಮಸಿ ತುಂಬಿ ನೋಡುವವರ ಕಣ್ಣನ್ನು ತಡೆದು ನಿಲ್ಲಿಸುವುದು ಅದರ ಉದ್ದೇಶ. ತಲೆಬರಹಕ್ಕೆಂದು ಹುಟ್ಟಿದ ಈ ಅಕ್ಷರ ಮುಂದೆ ಕಂಪ್ಯೂಟರುಗಳನ್ನು ಸೇರಿ, ಅಂತರಜಾಲದ ಹಾಸ್ಯಚಿತ್ರಗಳ ಮೂಲಕ ಲೋಕಕ್ಕೆಲ್ಲ ಪರಿಚಿತವಾಯಿತು. ತನ್ನ ಕೆಲಸದಲ್ಲಿ ಅದು ಗೆದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಣ್ಣನ್ನು ಸೆಳೆಯುವುದು ಬೇರೆ, ಓದಿಸುವುದು ಬೇರೆ. ಓದುವಾಗ ನಾವು ಗುರುತಿಸುವುದು ಮಸಿಯನ್ನಷ್ಟೇ ಅಲ್ಲ. ಮಸಿಯ ನಡುವೆ ಉಳಿದ ಬಿಳುಪನ್ನು ಕೂಡ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಅತ್ಯಲ್ಪ ಕೋನ ಸುಮಾರು ಒಂದು ಡಿಗ್ರಿಯ 60ನೆಯ ಒಂದು ಭಾಗ. 10 ಮೀಟರ್ ದೂರದಲ್ಲಿ ಇದು ಸುಮಾರು 3 ಮಿಲಿಮೀಟರಿಗೆ ಸಮ. ಗೆರೆ 10 ಮಿಲಿಮೀಟರ್ ದಪ್ಪವಿದ್ದು ಒಳಗಿನ ತೆರಪು 2 ಮಿಲಿಮೀಟರ್ ಮಾತ್ರವಿದ್ದರೆ, ಗೆರೆಯ ದಪ್ಪದಿಂದ ಬಂದ ಲಾಭವೇನು? ತೆರಪು ಮಬ್ಬಾಗಿ ಅಕ್ಷರ ಮುದ್ದೆಯಂತೆ ತೋರುತ್ತದೆ. 1862ರಲ್ಲಿ ಹಾಲೆಂಡಿನ ನೇತ್ರವೈದ್ಯ ಸ್ನೆಲೆನ್ ರಚಿಸಿದ ಕಣ್ಣುಪರೀಕ್ಷೆಯ ಫಲಕದಲ್ಲಿ ಗೆರೆಯ ದಪ್ಪ ಅಕ್ಷರದ ಎತ್ತರದ ಐದನೆಯ ಒಂದು ಭಾಗ ಮಾತ್ರ; ಒಳಗಿನ ಬಿಳುಪಿಗೆ ಅಲ್ಲಿ ಧಾರಾಳವಾಗಿ ಸ್ಥಳವಿದೆ.

ನಮ್ಮ ಲಿಪಿಗಂತೂ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಡಲೊಳಗಿನ ಒಂದು ಪುಟ್ಟ ಗೆರೆ. ಒತ್ತಕ್ಷರಗಳೋ ಸಾಲಿನ ಕೆಳಗೆ ಮತ್ತಷ್ಟು ಕಿರಿದಾಗಿ ಕುಳಿತಿರುತ್ತವೆ. ಇಂಪ್ಯಾಕ್ಟ್ ಮೊದಲಿನಿಂದಲೂ ಕಿರಿದಾಗಿಯೇ ರೂಪುಗೊಂಡದ್ದು. ನಾವಾದರೋ ಅಗಲವಾದ ಕನ್ನಡ ಅಕ್ಷರವನ್ನು ಕಂಪ್ಯೂಟರಿನಲ್ಲಿ ಎರಡು ಪಕ್ಕಗಳಿಂದ ಅದುಮಿ, ಮೇಲೆ ದಪ್ಪ ಅಂಚು ಬಳಿದು ತೃಪ್ತರಾಗುತ್ತೇವೆ. ಅಗಲ ಅರ್ಧವಾದರೆ ತೆರಪೂ ಅರ್ಧವಾಯಿತು. ಅಂಚು ಬಳಿದಾಗ ಉಳಿದದ್ದೂ ಹೋಯಿತು. ಕೀಟನಾಶಕದ ಡಬ್ಬಿಯ ಮೇಲಿನ ‘ವಿಷ’ ಎಂಬ ಮಾತಿನಲ್ಲಿ ಆ ಪುಟ್ಟ ಗೆರೆ ಮಸಿಯಲ್ಲಿ ಮುಳುಗಿದರೆ, ಕಣ್ಣು ಮಂಜಾದ ವೃದ್ಧರು ಏನೆಂದು ಓದಿಯಾರು?

ಆದುದರಿಂದ ನನ್ನ ಅಭಿಪ್ರಾಯ ಇದು: ಅದುಮಿದ ದಪ್ಪಕ್ಷರ ತಲೆಬರಹಕ್ಕೆ ಇರಲಿ, ಎಚ್ಚರಿಕೆಯ ಫಲಕಕ್ಕೂ ಔಷಧದ ಚೀಟಿಗೂ ಬೇಡ. ನನ್ನ ಮಾತನ್ನು ನಂಬಬೇಕಾಗಿಯೂ ಇಲ್ಲ. ಒಂದೇ ಪದವನ್ನು ಎರಡು ರೀತಿಯಾಗಿ, ಒಂದೇ ಎತ್ತರದಲ್ಲಿ ಬರೆದು ಗೋಡೆಗೆ ಅಂಟಿಸಿ. ಪದವನ್ನು ಮೊದಲು ತಿಳಿಯದ ಗೆಳೆಯನೊಬ್ಬನನ್ನು ದೂರದಿಂದ ನಡೆಸಿಕೊಂಡು ಬನ್ನಿ. ಯಾವುದನ್ನು ಎಷ್ಟು ದೂರದಲ್ಲಿ ಓದಿದನೆಂದು ಅಳೆಯಿರಿ. ತೀರ್ಪನ್ನು ಅಳತೆಗೋಲೇ ಹೇಳಲಿ.