ಹಸಿರಿನ ಮರೆಯ ಶೋಧ
ಕಣ್ಣಿಗೆ ಒಂದೇ ಹಸಿರಾಗಿ ಕಂಡರೂ ಜೀವಂತ ಎಲೆ ಮತ್ತು ಬಣ್ಣ ಬಳಿದ ಲೋಹ ಬೆಳಕನ್ನು ಪ್ರತಿಫಲಿಸುವ ರೀತಿ ಬೇರೆ. ಎಲೆಯ ಕ್ಲೋರೊಫಿಲ್ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. 700 ನ್ಯಾನೋಮೀಟರ್ ಆಸುಪಾಸಿನಲ್ಲಿ ಎಲೆಯ ಪ್ರತಿಫಲನ ದಿಢೀರನೆ ಏರುತ್ತದೆ. ಸಾಮಾನ್ಯ ಬಣ್ಣಕ್ಕೆ ಈ ಗುಣವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮರೆಮಾಚಿದ ನೆಲೆಗಳನ್ನು ಅವಗೆಂಪು ಫಿಲ್ಮ್ ಬಯಲಿಗೆಳೆದದ್ದು ಇದರಿಂದಲೇ.

ಕಾಣೆಯಾದ ವಿಮಾನಗಳ ಹುಡುಕಾಟದಲ್ಲೂ ಪ್ರತಿಫಲನದ ಈ ವ್ಯತ್ಯಾಸವನ್ನು ಗುರುತಿಸುವ ಸಂವೇದಕಗಳನ್ನು ಬಳಸುತ್ತಾರೆ. ಆದರೆ ಶೋಧಕಾರ್ಯವನ್ನು ಪೂರ್ತಿಯಾಗಿ ಈ ತಂತ್ರಕ್ಕೆ ಒಪ್ಪಿಸಲಾಗದು. 2007ರಲ್ಲಿ ಅಮೆರಿಕದ ಸಾಹಸಿ ಸ್ಟೀವ್ ಫಾಸೆಟ್ ಅವರ ಕಾಣೆಯಾದ ವಿಮಾನವನ್ನು ಹುಡುಕಲು ಇಂಥ ಉಪಕರಣ ಬಳಸಿಯೂ ಸುಳಿವು ಸಿಗಲಿಲ್ಲ; ಮರುವರ್ಷ ಚಾರಣಿಗರೊಬ್ಬರಿಗೆ ಸಿಕ್ಕ ಫಾಸೆಟ್ ಅವರ ಗುರುತಿನ ಚೀಟಿಗಳೇ ದಾರಿ ತೋರಿದವು. ಹಾಗಾದರೆ ಉಪಕರಣ ವ್ಯರ್ಥವೇ? ಖಂಡಿತ ಅಲ್ಲ. ದಟ್ಟ ಎಲೆಗಳಡಿ ಇರುವುದನ್ನು ಅದು ಕಾಣದು. ಆದರೆ ತೆರೆದ ಜಾಗದಲ್ಲಿರುವುದನ್ನು ಬೇಗ ಬೇರ್ಪಡಿಸಿ ಹುಡುಕಾಟದ ವ್ಯಾಪ್ತಿಯನ್ನು ಕಿರಿದಾಗಿಸುತ್ತದೆ. ಸಂವೇದಕಗಳಿಗೆ ಹಣ ತೆಗೆದಿಡುವ ಸರ್ಕಾರಗಳು ಕಾಲ್ನಡಿಗೆಯ ಶೋಧತಂಡಗಳನ್ನೂ ಅಷ್ಟೇ ಕಾಳಜಿಯಿಂದ ಬಲಪಡಿಸಬೇಕು.