ಹಸಿರು ದ್ರಾವಣ ಚಿಮ್ಮಿಸಿದರೆ ಬರಡು ನೆಲ ಹಸಿರಾಗುತ್ತದೆಯೇ? ಹೈಡ್ರೋಮಲ್ಚಿಂಗ್‌ನ ಅಸಲಿಯತ್ತು

ಬೋಳು ಇಳಿಜಾರಿನ ಎದುರು ಟ್ಯಾಂಕರ್ ನಿಲ್ಲುತ್ತದೆ. ಪೈಪಿನಿಂದ ಹಸಿರು ದ್ರಾವಣ ಚಿಮ್ಮುತ್ತದೆ. ಮುಂದಿನ ದೃಶ್ಯದಲ್ಲಿ ಅಲ್ಲೆಲ್ಲ ದಟ್ಟ ಹುಲ್ಲು! ‘ನಮ್ಮ ಬರದ ಜಿಲ್ಲೆಗಳಲ್ಲೂ ಹೀಗೆ ಮಾಡಿದರೆ ಸಾಕು’ ಎಂಬ ಸಾಲಿನೊಂದಿಗೆ ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ವಿಡಿಯೊದಲ್ಲಿರುವ ತಂತ್ರ ಸುಳ್ಳಲ್ಲ. ಅದರ ಹೆಸರು ಹೈಡ್ರೋಮಲ್ಚಿಂಗ್. ಆದರೆ ಎರಡು ದೃಶ್ಯಗಳ ನಡುವೆ ತೋರಿಸದೇ ಬಿಟ್ಟ ದಿನಗಳಲ್ಲೇ ನಿಜವಾದ ಕೆಲಸ ನಡೆದಿರುತ್ತದೆ. ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ನೆಲಕ್ಕೆ ಇದು ಎಷ್ಟು ಹೊಂದುತ್ತದೆ ಎಂದು ನೋಡೋಣ.

ಟ್ಯಾಂಕಿನಲ್ಲಿ ಏನಿರುತ್ತದೆ?

ನೀರು, ಮರದ ಅಥವಾ ಕಾಗದದ ನಾರು, ಹುಲ್ಲಿನ ಬೀಜ, ಸ್ವಲ್ಪ ಗೊಬ್ಬರ ಮತ್ತು ಅಂಟು. ಈ ಅಂಟು ಬಹಳ ಸಲ ಗೌರ್ ಗಮ್, ಅಂದರೆ ನಮ್ಮ ಚವಳಿಕಾಯಿ ಗಿಡದ ಬೀಜದಿಂದ ತೆಗೆದ ಪುಡಿ. ಅದು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಎಕರೆಗೆ ಸುಮಾರು 700ರಿಂದ 1,400 ಕೆ.ಜಿ. ನಾರು ಬೇಕು. 1950ರ ದಶಕದಲ್ಲಿ ಅಮೆರಿಕದಲ್ಲಿ ಹೆದ್ದಾರಿ ಬದಿಯ ಇಳಿಜಾರುಗಳಿಗೆ ಹುಲ್ಲು ಹಚ್ಚಲು ಈ ವಿಧಾನ ಬಂತು.

ಹಾಗಾದರೆ ಆ ಹಸಿರು? ಅದು ಹುಲ್ಲಲ್ಲ, ಬಣ್ಣ. ಎಲ್ಲಿ ಸಿಂಪಡಿಸಿದೆ, ಎಲ್ಲಿ ಬಿಟ್ಟಿದೆ ಎಂದು ಕೆಲಸಗಾರನಿಗೆ ಕಾಣಲಿ ಎಂದು ಬೆರೆಸುತ್ತಾರೆ. ಹಸಿರು ಕಂಡ ಮಾತ್ರಕ್ಕೆ ನೆಲ ಹಸಿರಾದಂತೆ ಅಲ್ಲ. 2007ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಕಲ್ಲುಗಣಿಯಿಂದ ಬೋಳಾದ ಗುಡ್ಡಕ್ಕೆ ಬರೀ ಹಸಿರು ಪೇಂಟ್ ಬಳಿದದ್ದು ಜಗತ್ತಿನ ಸುದ್ದಿಯಾಗಿತ್ತು.

ಮಣ್ಣು ಉಳಿಸುವುದು ಹೇಗೆ?

ಬರಿ ನೆಲಕ್ಕೆ ಮಳೆಹನಿ ರಭಸದಿಂದ ಬಡಿದಾಗ ಮಣ್ಣಿನ ಕಣ ಸಿಡಿಯುತ್ತದೆ. ಸಿಡಿದ ಸಣ್ಣ ಕಣಗಳು ಮೇಲಿನ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಇಂಗದೆ ಮಣ್ಣನ್ನೂ ಹೊತ್ತು ಓಡುತ್ತದೆ. ನಾರಿನ ಹೊದಿಕೆ ಹನಿಯ ಪೆಟ್ಟನ್ನು ತಾನು ತಿನ್ನುತ್ತದೆ, ಬೀಜದ ಸುತ್ತ ತೇವ ಹಿಡಿಯುತ್ತದೆ. ಆದರೆ ಅದರ ಆಯುಷ್ಯ ಕೆಲವೇ ತಿಂಗಳು. ಅಷ್ಟರೊಳಗೆ ಹುಲ್ಲಿನ ಬೇರು ಇಳಿಯಬೇಕು. ಮಣ್ಣನ್ನು ಕೊನೆಗೆ ಹಿಡಿಯುವುದು ಬೇರು, ಹೊದಿಕೆ ಅಲ್ಲ.

ಇಲ್ಲಿ ಇದು ಏಕೆ ಮುಖ್ಯ?

ಕೃಷ್ಣಾ ನದಿಯಿಂದ ನೀರೆತ್ತುವ ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಈ ಭಾಗಕ್ಕೆ ಕಾಲುವೆಗಳು ಬಂದಿವೆ, ಕೆರೆಗಳು ತುಂಬಿವೆ. ಕಾಲುವೆ ಅಗೆದಾಗ ತೆಗೆದ ಮಣ್ಣು ಎರಡೂ ಬದಿ ದಿಬ್ಬವಾಗುತ್ತದೆ. ರಸ್ತೆ ಏರಿಸಿದಲ್ಲೂ ಇದೇ ಕತೆ. ಈ ಬರಿ ಇಳಿಜಾರಿನ ಮಣ್ಣು ಜೋರು ಮಳೆಗೆ ತೊಳೆದು ಕಾಲುವೆ, ಹಳ್ಳ, ಕೆರೆ ಸೇರಿದರೆ ಹೂಳಾಗುತ್ತದೆ. ಹೂಳು ಎಂದರೇನೆಂದು ಡೋಣಿ ನದಿ ದಂಡೆಯ ರೈತರಿಗೆ ಹೇಳಬೇಕಿಲ್ಲ. ಪಾತ್ರ ತುಂಬಿದ ಡೋಣಿ ಮಳೆಗಾಲದಲ್ಲಿ ಹೊಲಕ್ಕೇ ನುಗ್ಗುತ್ತದೆ. ಕಷ್ಟಪಟ್ಟು ತಂದ ನೀರು ನಿಲ್ಲಬೇಕಾದರೆ ಕೆರೆಗೆ ಮಣ್ಣು ಬರುವುದನ್ನು ಮೊದಲು ತಡೆಯಬೇಕು.

ಸಿಂಪಡಿಸಿದರೆ ಸಾಕೇ?

ಸಾಲದು. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆ. ಸೆಪ್ಟೆಂಬರ್‌ನಲ್ಲಿ ಜೋರು. ಮುಂಗಾರಿನ ನಡುವೆ ವಾರಗಟ್ಟಲೆ ಮಳೆ ಕೈಕೊಡುವುದೂ ಹೊಸದಲ್ಲ. ಬೀಜ ಮೊಳೆತ ಮೇಲೆ ನೀರು ಸಿಗದಿದ್ದರೆ ಮೊಳಕೆ ಒಣಗುತ್ತದೆ, ಹಾಕಿದ ದುಡ್ಡು ಮಣ್ಣುಪಾಲು. ಸಿಂಪಡಿಸಿ ಒಣಗುವ ಮುನ್ನವೇ ದೊಡ್ಡ ಮಳೆ ಬಿದ್ದರೆ ಹೊದಿಕೆಯೇ ಕೊಚ್ಚಿಹೋಗುತ್ತದೆ. ಎರೆ ಮಣ್ಣು ಒಣಗಿದಾಗ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ತೆಳು ಹೊದಿಕೆ ಹರಿಯುತ್ತದೆ. ಒಂದೇ ಕಡೆ ನೀರು ಧುಮುಕಿ ಕೊರಕಲು ಬಿದ್ದ ಜಾಗಕ್ಕಂತೂ ಇದು ಮದ್ದೇ ಅಲ್ಲ. ಮೊದಲು ಇಳಿಜಾರು ಸರಿಪಡಿಸಿ, ನೀರು ಹೋಗಲು ದಾರಿ ಮಾಡಬೇಕು.

ಹೀಗಾಗಿ ಟ್ಯಾಂಕರ್ ನಿಲ್ಲಿಸಿ ಮೇಲಕ್ಕೆ ಚಿಮ್ಮಿಸಬಹುದಾದ, ಕೈಯಿಂದ ಬಿತ್ತಲಾಗದ ಕಡಿದಾದ ಹೆದ್ದಾರಿ ದಿಬ್ಬ, ಕಾಲುವೆಯ ಹೊರಬದಿ, ಕೈಬಿಟ್ಟ ಗರಸಿನ ಗಣಿ ಇದಕ್ಕೆ ತಕ್ಕ ಜಾಗ. ಅಂಜನ್ ಹುಲ್ಲು, ಸ್ಟೈಲೋದಂಥ ಬರ ತಾಳುವ ಬೀಜ ಆರಿಸಿ ಮುಂಗಾರಿನ ಆರಂಭದಲ್ಲೇ ಹಾಕಬೇಕು. ಮಳೆ ತಡವಾದರೆ ನೀರುಣಿಸುವ ವ್ಯವಸ್ಥೆಯೂ ಇರಬೇಕು. ಮೇಯಲು ಬರುವ ಕುರಿ–ಆಡುಗಳನ್ನು ಒಂದು ಮಳೆಗಾಲವಾದರೂ ತಡೆಯಬೇಕು.

ಹೊಲಕ್ಕೆ ಬೇಡ, ಹಳೆಯ ದಾರಿ ಇದೆ

ರೈತರ ಹೊಲಕ್ಕೆ ಇಷ್ಟು ಖರ್ಚಿನ ತಂತ್ರ ಬೇಕಿಲ್ಲ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಯಿತು. ಬದು ಹಾಕುವುದು, ಚೌಕು ಮಡಿ ಮಾಡಿ ಮಳೆನೀರನ್ನು ಬಿದ್ದಲ್ಲೇ ಇಂಗಿಸುವುದು ಎರೆ ಭೂಮಿಗೆ ಇಂದಿಗೂ ಸರಿಯಾದ ಕ್ರಮ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ಬೆಳೆಸಿ ಮಣ್ಣು ಉಳಿಸಿಕೊಂಡು ಬಂದಿದ್ದಾರೆ.

ಹೊದಿಕೆಯೇ ಬೇಕೆಂದರೆ ಕಬ್ಬಿನ ರವದಿ ಇದೆ. ಜೋಳದ ಕಣಿಕೆ ದನಕ್ಕೆ ಬೇಕು, ಆದರೆ ರವದಿಯನ್ನು ಎಷ್ಟೋ ಕಡೆ ಸುಟ್ಟುಬಿಡುತ್ತೇವೆ. 2002ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹೇಮನ್ ಕಾಡ್ಗಿಚ್ಚಿನ ನಂತರ ಸುಟ್ಟ ಇಳಿಜಾರುಗಳ ಮೇಲೆ ಎರಡೂ ಬಗೆಯ ಹೊದಿಕೆ ಹಾಕಿ ಅಳೆದು ನೋಡಿದರು. ಚಿಮ್ಮಿಸಿದ ನಾರು ಬೇಗ ಕರಗಿತು. ಸಾದಾ ಗೋದಿ ಹುಲ್ಲು ಹೆಚ್ಚು ಕಾಲ ಮಣ್ಣು ಕಾಯಿತು.

ಇನ್ನೊಂದು ಎಚ್ಚರಿಕೆ. ಕೆರೆ ಏರಿಯ ಮೇಲೆ ಹುಲ್ಲು ಒಳ್ಳೆಯದು, ದೊಡ್ಡ ಮರ ಬೇಡ. ಮರದ ಬೇರು ಸತ್ತು ಕೊಳೆತರೆ ಆ ಜಾಡಿನಲ್ಲಿ ನೀರು ಜಿನುಗಿ ಏರಿ ದುರ್ಬಲವಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿ. ಮೊದಲ ಮತ್ತು ಎರಡನೆಯ ದೃಶ್ಯದ ನಡುವೆ ಎಷ್ಟು ದಿನ ಕಳೆದಿವೆ? ಅಷ್ಟು ದಿನ ನೀರು ಎಲ್ಲಿಂದ ಬಂತು? ಮುಂದಿನ ಬೇಸಿಗೆಯಲ್ಲಿ ಅದೇ ಜಾಗ ಹೇಗಿತ್ತು? ಮೂರಕ್ಕೂ ಉತ್ತರವಿದ್ದರೆ ಹಂಚಿ. ಇಲ್ಲದಿದ್ದರೆ, ಈ ಸಲದ ಮಳೆಗೆ ನಿಮ್ಮೂರ ಕಾಲುವೆ ದಿಬ್ಬದಲ್ಲಿ ಬಿದ್ದ ಕೊರಕಲಿನ ಫೋಟೊ ತೆಗೆದು ಗ್ರಾಮ ಪಂಚಾಯಿತಿಗೆ ಕಳಿಸಿ. ಅದರಿಂದ ಊರಿಗೆ ಹೆಚ್ಚು ಉಪಯೋಗ.